ಗಡಿಯಾಚೆಯ ಎರಡು ಪುರಸಭೆಗಳು: ಹಿಂದೂಪುರ, ಕಲ್ಯಾಣದುರ್ಗ

ಆಂಧ್ರಪ್ರದೇಶದ 2022ರ ಏಪ್ರಿಲ್ 4ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹಳೆಯ ಪುಸ್ತಕ ಓದುವವರು ಎಡವುವುದು ಇಲ್ಲೇ.

ಎರಡೂ ಕಡೆ ಪುರಸಭೆ ಚುನಾವಣೆಗೆ 2021ರ ಮಾರ್ಚ್ 10ರಂದು ಮತದಾನ ನಡೆಯಿತು. ಹಿಂದೂಪುರದಲ್ಲಿ 38 ವಾರ್ಡು, ಕಲ್ಯಾಣದುರ್ಗದಲ್ಲಿ 24. ಆಧಾರ: ಆಂಧ್ರಪ್ರದೇಶ ಪುರಸಭೆಗಳ ಕಾಯ್ದೆ, 1965. (ಕರ್ನಾಟಕದ್ದು 1964, ಒಂದೇ ವರ್ಷದ ಅಂತರವಾದ್ದರಿಂದ ಪ್ರಶ್ನೆ ತೆಗೆಯುವವರಿಗೆ ಬಲು ಪ್ರಿಯ.)

ನಲ್ಲಿ ನೀರು, ಬೀದಿದೀಪ, ಕಸ, ಸ್ಮಶಾನ, ಜನನ-ಮರಣ ನೋಂದಣಿ: ಪುರಸಭೆಯ ದಿನನಿತ್ಯದ ಈ ಕೆಲಸಗಳೆಲ್ಲ ಸಂವಿಧಾನದ 12ನೇ ಅನುಸೂಚಿಯ 18 ವಿಷಯಗಳಲ್ಲಿವೆ. ಅಗ್ನಿಶಾಮಕ ಸೇವೆಯೂ ಅಲ್ಲಿದೆ. ಬಹಳ ಜನ ಇಲ್ಲವೆಂದೇ ಬರೆಯುತ್ತಾರೆ. ಈ ಅನುಸೂಚಿಯನ್ನು ಸೇರಿಸಿದ್ದು 74ನೇ ತಿದ್ದುಪಡಿ. ಜಾರಿ 1993ರ ಜೂನ್ 1. ಪುರಸಭೆಯಲ್ಲಿ ಠರಾವು ಮಾಡುವುದು ಕೌನ್ಸಿಲ್, ಜಾರಿಗೆ ತರುವುದು ಸರ್ಕಾರ ನೇಮಿಸಿದ ಕಮಿಷನರ್.

243ಎಸ್ ವಿಧಿಯಂತೆ ವಾರ್ಡು ಸಮಿತಿ ಕಡ್ಡಾಯವಾಗುವುದು 3 ಲಕ್ಷ ಜನಸಂಖ್ಯೆ ಮುಟ್ಟಿದರೆ ಮಾತ್ರ. 2011ರ ಜನಗಣತಿಯಲ್ಲಿ ಹಿಂದೂಪುರದ್ದು ಸುಮಾರು 1.5 ಲಕ್ಷ, ಕಲ್ಯಾಣದುರ್ಗ ಇನ್ನೂ ಚಿಕ್ಕದು; ಹಾಗಾಗಿ ಎರಡು ಕಡೆಯೂ ಕಡ್ಡಾಯವಲ್ಲ. 2019ರ ಅಕ್ಟೋಬರ್ 2ರಿಂದ ಆಂಧ್ರದಲ್ಲಿ ಶುರುವಾದ ವಾರ್ಡು ಸಚಿವಾಲಯ ಬೇರೆಯದೇ ವ್ಯವಸ್ಥೆ. ಸಮಿತಿ, ಸಚಿವಾಲಯ ಎರಡನ್ನೂ ಒಂದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳಬೇಡಿ.