ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ
ಶಿರಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ತಳ್ಳಿದರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ಲಾರಿ ಚಾಲಕರಲ್ಲಿ ಇನ್ನೂ ಗಟ್ಟಿಯಾಗಿದೆ. ದಯವಿಟ್ಟು ಬಿಡಿ. ಈಗಿನ ಬಿಎಸ್-6 ಲಾರಿ ಗೇರ್‌ನಲ್ಲೇ ಇದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಉರುಳುವ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಿರಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಸಾಲದ್ದಕ್ಕೆ, ಇಪ್ಪತ್ತು-ಮೂವತ್ತು ಟನ್ ಭಾರವೆಲ್ಲ ಬ್ರೇಕ್ ಲೈನರ್ ಮೇಲೆ ಬಿದ್ದು, ಅದು ಕಾದು, ಹಿಡಿತವೇ ತಪ್ಪೀತು. ಉಳಿತಾಯ ಬೇಕೆ? ಬಯಲಿನಲ್ಲಿ ಹುಡುಕಿ. ವೇಗ 60ರಿಂದ 80ಕ್ಕೇರಿದರೆ ಗಾಳಿಯ ತಡೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಏರುತ್ತದೆ. ಟಾರ್ಪಾಲು ಪಟಪಟ ಬಡಿಯದಂತೆ ಬಿಗಿಯಿರಿ. ಟೈರಿನ ಗಾಳಿಯನ್ನು ಹೊರಡುವ ಮುನ್ನ, ತಣ್ಣಗಿರುವಾಗಲೇ ನೋಡಿ. ಜೋಡಿ ಚಕ್ರದ ಒಳಟೈರನ್ನು ಮಾತ್ರ ಮರೆಯಬೇಡಿ.