ದವಡೆಗೆ ಹಾಕುವ ಪೊರೆ ಯಾವುದರಿಂದ ಮಾಡಿದ್ದು?

ಹಲ್ಲು ಕೀಳಿಸಿದ ಜಾಗದಲ್ಲಿ ದವಡೆ ಮೂಳೆ ದಿನ ಕಳೆದಂತೆ ಸವೆಯುತ್ತದೆ. ಮುಂದೆ ಅಲ್ಲಿ ಇಂಪ್ಲಾಂಟ್ ಹಾಕಿಸಲು ಹೋದರೆ ಸ್ಕ್ರೂ ಹಿಡಿಯುವಷ್ಟು ಮೂಳೆ ಇರುವುದಿಲ್ಲ. ಆಗ ವೈದ್ಯರು ಮೂಳೆ ಬೆಳೆಸುವ ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ.

ಹೊಲದಲ್ಲಿ ಸಸಿಗಿಂತ ಕಳೆ ಮೊದಲು ಏಳುವಂತೆ, ಗಾಯದೊಳಗೆ ಮೂಳೆಗಿಂತ ವಸಡು ಬೇಗ ಬೆಳೆದು ಜಾಗ ತುಂಬಿಕೊಳ್ಳುತ್ತದೆ. ಅದನ್ನು ತಡೆಯಲು ಮೂಳೆಪುಡಿ ತುಂಬಿ, ಅದರ ಮೇಲೆ ತೆಳುವಾದ ಕೊಲಾಜೆನ್ ಪೊರೆ ಹೊದಿಸಿ ಹೊಲಿಗೆ ಹಾಕುತ್ತಾರೆ. ಕೆಲವು ವಾರ ಅಥವಾ ತಿಂಗಳಲ್ಲಿ ಪೊರೆ ತಾನೇ ಕರಗುತ್ತದೆ. ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು.

ಕೊಲಾಜೆನ್ ಎಂಬುದು ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಲ್ಲಿರುವ ಪ್ರೋಟೀನ್. ಹೆಸರಾಂತ ಸ್ವಿಸ್ ಪೊರೆ ಬಯೋ-ಗೈಡ್ ಹಂದಿ ಮೂಲದ್ದು. ದನದ ಮೂಲದವೂ ಮೀನಿನ ಮೂಲದವೂ ಇವೆ. ಪೊಟ್ಟಣದಲ್ಲಿ 'ಪೋರ್ಸೈನ್' ಎಂದಿದ್ದರೆ ಹಂದಿ, 'ಬೋವೈನ್' ಎಂದಿದ್ದರೆ ದನ. ಹೆಚ್ಚಿನವರು ಪೊರೆಯ ಬಗ್ಗೆ ಕೇಳಿ ಮೂಳೆಪುಡಿಯನ್ನು ಮರೆಯುತ್ತಾರೆ, ಅದೂ ಪ್ರಾಣಿಯದ್ದಿರಬಹುದು. ಎರಡನ್ನೂ ಕೇಳಿ. ಮೇಜಿನ ಮೇಲೆ ಮಲಗಿದ ಮೇಲಲ್ಲ, ದಿನ ಗೊತ್ತುಮಾಡುವ ಮೊದಲೇ ಕೇಳಿ. ಬೇರೆ ಪೊರೆ ತರಿಸಲು ವೈದ್ಯರಿಗೂ ಸಮಯ ಬೇಕಲ್ಲವೇ?

ಹಂದಿಯದ್ದು ಬೇಡವೆಂದರೆ ಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ. ಮೀನಿನ ಪೊರೆಯಿದೆ, ಕೃತಕ ವಸ್ತುವಿನ ಪೊರೆಯಿದೆ. ಕೆಲವು ಸಂದರ್ಭಗಳಲ್ಲಿ ನಿಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ತೆಗೆಯುವ ಪಿಆರ್‌ಎಫ್ ಪೊರೆಯೂ ಸಾಕಾಗುತ್ತದೆ, ಆದರೆ ಅದು ಬೇಗ ಕರಗುತ್ತದೆ. ದನದ ಮೂಲದ್ದರಲ್ಲಿ ಝಬಹ್‌ನ ಪ್ರಶ್ನೆ, ಬೇರೆ ದಾರಿಯಿಲ್ಲದಾಗ ಏನು ಎಂಬ ಪ್ರಶ್ನೆ ಬಂದರೆ ವಸ್ತುವಿನ ಹೆಸರು, ಮೂಲ ಬರೆದುಕೊಂಡು ನೀವು ನಂಬುವ ಆಲಿಮರಲ್ಲಿ ಕೇಳಿ. ಬರೀ "ಹಲ್ಲಿನ ಔಷಧಿ" ಎಂದರೆ ಅವರಾದರೂ ಏನು ಹೇಳಿಯಾರು?

ಕೊಪ್ಪ, ಪಿರಿಯಾಪಟ್ಟಣದವರಿಗೆ ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ಹಾಗೂ ವಿರಾಜಪೇಟೆಯ ದಂತ ಕಾಲೇಜುಗಳು ಹತ್ತಿರ. ಅಲ್ಲಿನ ವಸಡಿನ ವಿಭಾಗದಲ್ಲಿ ವಿಚಾರಿಸಬಹುದು.

ಶಸ್ತ್ರಚಿಕಿತ್ಸೆಯಾದ ಮೇಲೆ ವುಝೂವಿನಲ್ಲಿ ಬಾಯಿಯನ್ನು ಜೋರಾಗಿ ಮುಕ್ಕಳಿಸಬೇಡಿ. ನೀರು ತುಂಬಿಕೊಂಡು ಮೆಲ್ಲಗೆ ಬಿಟ್ಟುಬಿಡಿ. ಹೊಲಿಗೆಯ ಜಾಗಕ್ಕೆ ಮಿಸ್ವಾಕ್, ಬ್ರಷ್ ತಾಗಿಸಬೇಡಿ. ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗಬೇಕಾದ್ದರಿಂದ ತುರ್ತಿಲ್ಲದಿದ್ದರೆ ರಮಝಾನ್ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ. ಸಕ್ಕರೆ ಕಾಯಿಲೆಯಿದ್ದರೆ ಅದು ಮೊದಲು ಹತೋಟಿಗೆ ಬರಲಿ. ಹೊಗೆಸೊಪ್ಪು ಬೆಳೆಯುವ ಈ ಸೀಮೆಯಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ: ಬೀಡಿ, ಸಿಗರೇಟು ಸೇದುವವರಲ್ಲಿ ಗಾಯ ಬೇಗ ಮಾಯುವುದಿಲ್ಲ, ಮೂಳೆಯೂ ಸರಿಯಾಗಿ ಕೂಡುವುದಿಲ್ಲ, ಎಷ್ಟು ಒಳ್ಳೆಯ ಪೊರೆ ಹಾಕಿದರೂ ಅಷ್ಟೇ.