ಮೊದಲು ಗೆರೆ, ಆಮೇಲೆ ಲೆಕ್ಕ

ತಂಗೀ, ದೇವದುರ್ಗದಿಂದ ಬಂದು ರಾಯಚೂರಿನಲ್ಲಿ ರೂಮು ಮಾಡಿಕೊಂಡು ಡಿ.ಎಲ್.ಇಡಿ ಓದುತ್ತಿದ್ದೀ. ಬರುವ ಸೋಮವಾರದಿಂದ ಮಾನ್ವಿ ಕಡೆಯ ಶಾಲೆಯಲ್ಲಿ ಬೋಧನಾಭ್ಯಾಸ. ಗಣಿತ ಪಾಠ ಅಂದರೆ ಎದೆ ಢವಢವ ಅನ್ನುತ್ತದೆ ಎಂದೆಯಲ್ಲ. ಮೂವತ್ತು ವರ್ಷ ಹಲಗೆ ಮುಂದೆ ನಿಂತವನ ಮಾತು, ನಿನಗೆ ಒಗ್ಗಿದಷ್ಟು ಇಟ್ಟುಕೊ.

ಬಸ್ ಹತ್ತುವ ಮೊದಲು ಕೋಟೆಯ ಪಡುವಣ ಗೋಡೆಯ ಕಡೆ ಹೋಗಿ ಬಾ. ಅಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಓದಲು ಬಾರದಿದ್ದರೂ ಚಿಂತೆಯಿಲ್ಲ. ಅಂಥ ಕಲ್ಲನ್ನು ಗಾಡಿಗೆ ಹೇರಿ, ಕೋಣಗಳನ್ನು ಸಾಲಾಗಿ ಹೂಡಿ, ಗಾಲಿಗೆ ಮೀಟುಗೋಲು ಕೊಟ್ಟು ತಂದ ಬಗೆಯನ್ನು ಗೋಡೆಯ ಮೇಲೇ ಗೆರೆಗಳಲ್ಲಿ ಕೊರೆದಿದ್ದಾರೆ. ಹೇಗೆ ತಂದರು ಎನ್ನುವವನಿಗೆ ಆ ಗೆರೆಗಳೇ ಸಾಕು. ಲೆಕ್ಕದ್ದೂ ಹಾಗೆಯೇ.

ನಾನು ಹೊಸ ಮಾಸ್ತರನಾಗಿದ್ದಾಗ ರಾತ್ರಿಯೆಲ್ಲ ಕೂತು ಭಿನ್ನರಾಶಿಯ ಚಾರ್ಟು ಬರೆದಿದ್ದೆ. ರೊಟ್ಟಿ ಕತ್ತರಿಸಿದ ಚಿತ್ರ, ನಾಲ್ಕು ಬಣ್ಣ. ನೋಡಲು ಬಂದ ಸಾಹೇಬರು ಶಹಬ್ಬಾಸ್ ಅಂದರು. ಅವರು ಹೋದ ಮೇಲೆ ಒಬ್ಬ ಹುಡುಗನನ್ನು ಕೇಳಿದೆ: ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? "ನಾಲ್ಕು ದೊಡ್ಡದಲ್ರೀ ಸರ್" ಅಂದ. ಚಾರ್ಟು ಅವನ ತಲೆಯ ಮೇಲೇ ತೂಗುತ್ತಿತ್ತು. ಅವತ್ತು ತಿಳಿಯಿತು, ಗೆರೆ ಎಳೆದವನಿಗೆ ಮಾತ್ರ ಲೆಕ್ಕ ಹತ್ತುತ್ತದೆ. ರಾತ್ರಿಯೆಲ್ಲ ಎಳೆದವನು ನಾನು.

ಆದ್ದರಿಂದ ಚಾರ್ಟಿಗೆ ದುಡ್ಡು ಸುರಿಯಬೇಡ. ಇಂಥದ್ದೊಂದು ಲೆಕ್ಕ ಕೊಡು: ರೈತ ತನ್ನ ಹತ್ತಿಯಲ್ಲಿ ಮೂರನೇ ಎರಡು ಭಾಗ ಮಾರಿದ, 6 ಕ್ವಿಂಟಾಲ್ ಉಳಿಯಿತು. ಮೊದಲು ಎಷ್ಟಿತ್ತು? ಅರ್ಧ ಮಕ್ಕಳು 6ರಲ್ಲೇ ಮೂರನೇ ಎರಡು ಭಾಗ ತೆಗೆದು 4 ಅನ್ನುತ್ತಾರೆ. ಉಳಿದದ್ದಕ್ಕಿಂತ ಮೊದಲಿದ್ದದ್ದೇ ಕಡಿಮೆ! ನೀನು ತಪ್ಪು ಅನ್ನಬೇಡ. "ಹತ್ತಿಯನ್ನು ಒಂದು ಪಟ್ಟಿಯಾಗಿ ಬರೆ" ಅನ್ನು. ಪಟ್ಟಿಗೆ ಮೂರು ಮನೆ. ಎರಡು ಮಾರಿ ಹೋದವು, ಉಳಿದ ಒಂದು ಮನೆಯೇ 6. ಹಾಗಾದರೆ ಮೂರು ಮನೆ? 18 ಅಂತ ಅವರೇ ಕೂಗುತ್ತಾರೆ. ಸಿಂಗಪುರದ ಶಾಲೆಗಳು 1980ರ ದಶಕದಿಂದ ಕಲಿಸುತ್ತಿರುವುದು ಇದೇ ಪಟ್ಟಿಯನ್ನು. ಲೆಕ್ಕ ಮಾತ್ರ ನಮ್ಮ ನೆಲಕ್ಕೆ ಹಳೆಯದು. ಪಕ್ಕದ ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದ 9ನೇ ಶತಮಾನದಲ್ಲಿ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ, ಇಷ್ಟು ಭಾಗ ಹೋಯಿತು, ಇಷ್ಟು ಉಳಿಯಿತು ಎಂಬ ಲೆಕ್ಕಗಳು ಎಷ್ಟೋ ಇವೆ.

ಇನ್ನೊಂದು ಹಳ್ಳ ತೋರಿಸುತ್ತೇನೆ. ಅಣ್ಣನ ಬಳಿ 12 ಗೋಲಿ, ತಂಗಿಗಿಂತ 5 ಹೆಚ್ಚು. ತಂಗಿಯ ಬಳಿ ಎಷ್ಟು? 'ಹೆಚ್ಚು' ಕಂಡ ಕೂಡಲೇ ಕೂಡಿಸಿ 17 ಅನ್ನುತ್ತವೆ ಮಕ್ಕಳು. "ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ" ಎಂದು ಬಾಯಿಪಾಠ ಮಾಡಿಸಿದವರು ನಾವೇ. ಎರಡು ಪಟ್ಟಿ ಒಂದರ ಕೆಳಗೊಂದು ಬರೆಸು. ಯಾರದು ಉದ್ದ ಎಂಬುದು ಕಣ್ಣಿಗೆ ಬಿದ್ದರೆ 7 ತಾನೇ ಬರುತ್ತದೆ.

ಮನೆಯ ಮುಂದೆ ನೀನು ಹಾಕುತ್ತಿದ್ದ ರಂಗೋಲಿಯನ್ನೂ ಮರೆಯಬೇಡ. ನಡುವೆ 7 ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗುತ್ತ 1ರವರೆಗೆ. ಒಟ್ಟು ಚುಕ್ಕಿ ಎಷ್ಟು? ಕೂಡಿಸುತ್ತ ಕೂರುವವರು ಕೂರಲಿ. ತಲೆ ವಾಲಿಸಿ ಓರೆಯಾಗಿ ನೋಡಿದ ಹುಡುಗಿಗೆ ಏಳು ಸಾಲು, ಸಾಲಿಗೆ ಏಳು ಚುಕ್ಕಿ ಕಾಣುತ್ತವೆ: 49. ವರ್ಗಸಂಖ್ಯೆಯ ಪಾಠ ಅಂಗಳದಲ್ಲೇ ಮುಗಿಯಿತು.

ಎಚ್ಚರಿಕೆಯ ಮಾತೂ ಇದೆ. ಚಿತ್ರ ಚೆಂದ ಬರಲಿ ಎಂದು ಕೂರಬೇಡ. 24 ಎತ್ತಿನ ಲೆಕ್ಕಕ್ಕೆ ಕೊಂಬು, ಬಾಲ ಬರೆಯುತ್ತ ಕೂತ ಮಗುವಿಗೆ ಗಂಟೆ ಹೊಡೆಯುತ್ತದೆ, ಲೆಕ್ಕ ಉಳಿಯುತ್ತದೆ. ಎತ್ತಿಗೊಂದು ಚುಕ್ಕಿ ಸಾಕು. ಮೊದಲು ಕೈಯಲ್ಲಿ ಕಾಳು, ಕಡ್ಡಿ, ಆಮೇಲೆ ಗೆರೆ, ಕೊನೆಗೆ ಅಂಕಿ. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಇದ್ದರೆ, ಅಲ್ಮೇರಾದ ಕೀಲಿ ಯಾರ ಬಳಿ ಇದೆ ಎಂದು ಮೊದಲ ದಿನವೇ ಕೇಳು. ಆದರೆ ಲೆಕ್ಕ ಆಗಲೇ ಹತ್ತಿದ ಮಗುವಿಗೆ ಗೆರೆ ಎಳೆ ಎಂದು ಒತ್ತಾಯ ಮಾಡಬೇಡ.

ಪಾಠ ಯೋಜನೆ ಬರೆಯುವ ರಾತ್ರಿ, ಮರುದಿನದ ಪ್ರತಿ ಲೆಕ್ಕಕ್ಕೂ ನೀನೇ ಒಮ್ಮೆ ಗೆರೆ ಎಳೆದು ನೋಡು. ನಿನಗೆ ಎಳೆಯಲಾಗದ ಲೆಕ್ಕ ನಿನಗಿನ್ನೂ ತಿಳಿದಿಲ್ಲ ಎಂದೇ ಅರ್ಥ. ನಾಚಿಕೆ ಬೇಡ, ನನಗೂ ಹಾಗಾಗುತ್ತಿತ್ತು. ತರಗತಿಯಲ್ಲಿ ಮಾತ್ರ ಹಾಗೆ ಎಳೆದದ್ದನ್ನು ತೋರಿಸಬೇಡ. ಚಾಕ್‌ಪೀಸು ಮಗುವಿನ ಕೈಗೆ ಕೊಟ್ಟು, ಹಿಂದಿನ ಸಾಲಿಗೆ ಹೋಗಿ ಕೂತುಕೊ.